ಮನೆ ಬದಲಿಸಿದರೆ ಉಳಿಯುತ್ತಾ?

ಕಾಫಿ ಕುಡೀತಾ ಫೋನಿನಲ್ಲೇ ಲೆಕ್ಕ ಹಾಕಿದೆ. ಈಗಿನ ಬಾಡಿಗೆ 25,000, ವಿಜಯನಗರದಲ್ಲಿ ನೋಡಿರೋ ಮನೆಗೆ 22,000. ತಿಂಗಳಿಗೆ 3,000 ಉಳಿತಾಯ ಅಂತ ಮನೆಯಲ್ಲೆಲ್ಲ ಖುಷಿ. ಆದರೆ ಈಗಿನ ಮನೆ ಬಿಡುವಾಗ ಬಣ್ಣದ ಖರ್ಚು ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ತಾರೆ (ಬೆಂಗಳೂರಿನ ಈ ಪದ್ಧತಿ ನನಗೆ ಯಾವತ್ತೂ ನ್ಯಾಯ ಅನ್ನಿಸಿಲ್ಲ). ಬ್ರೋಕರಿಗೆ ಹೊಸ ಮನೆಯ ಒಂದು ತಿಂಗಳ ಬಾಡಿಗೆ. ಲಾರಿ, ಕೂಲಿ 13,000. ಒಟ್ಟು 60,000! ಅದು ವಾಪಸ್ ಹುಟ್ಟೋಕೆ 20 ತಿಂಗಳು ಬೇಕು, ಅಗ್ರಿಮೆಂಟ್ ಇರೋದು 11 ತಿಂಗಳಿಗೆ. ಆಮೇಲೆ ಹೊಸ ಮನೆಯ ಓನರ್ ಬಾಡಿಗೆ ಶೇ 5 ಏರಿಸಿದರೆ ಇನ್ನೂ ದೂರ.

ಆದರೆ ಅಲ್ಲಿಂದ ಆಫೀಸಿಗೆ ಮೆಟ್ರೊ ಇದೆ, ದಿನಕ್ಕೆ ಒಂದು ಗಂಟೆ ಮಗಳ ಜೊತೆ ಸಿಗುತ್ತೆ. ದುಡ್ಡಿಗೋಸ್ಕರ ಆದರೆ ಬೇಡ, ಆ ಗಂಟೆಗೋಸ್ಕರ ಹೋಗಬಹುದು ಅನ್ನಿಸ್ತಿದೆ. ನೀವಾಗಿದ್ದರೆ ಏನು ಮಾಡ್ತಿದ್ರಿ?