ಹೆಸರು ಸರಿಯಿಲ್ಲದವರು

ನಾನು ಆಫೀಸಿನಲ್ಲಿ ಮಾಡುವ ಕೆಲಸ ಏನೆಂಬುದನ್ನು ನಮ್ಮ ಅತ್ತೆಯವರಿಗೆ ತಿಳಿಯಹೇಳಲು ಎಷ್ಟೋ ಸಲ ಪ್ರಯತ್ನಿಸಿ ಸೋತಿದ್ದೇನೆ. ಬ್ಯಾಂಕಿಗೆ ಹೋಗುವ ನನ್ನ ಓರಗಿತ್ತಿಯ ಕೆಲಸ ಅವರಿಗೆ ಅರ್ಥವಾಗುತ್ತದೆ. ಹೈಸ್ಕೂಲಿನಲ್ಲಿ ಪಾಠ ಹೇಳುವ ನಾದಿನಿಯದಂತೂ ಸರಿಯೇ ಸರಿ. ನನ್ನದು ಮಾತ್ರ ‘ಏನೋ ಕಂಪ್ಯೂಟರು.’ ಒಮ್ಮೆ ಮದುವೆಮನೆಯಲ್ಲಿ ಯಾರೋ ಒತ್ತಾಯ ಮಾಡಿ ಕೇಳಿದಾಗ, “ಅಮೆರಿಕದವರ ಚೀಟಿ ಓದ್ತಾಳೆ, ತಪ್ಪಿದ್ರೆ ವಾಪಸ್ ಕಳಿಸ್ತಾಳೆ” ಎಂದುಬಿಟ್ಟರು. ನನಗೆ ನಗು ಬಂತು. ಮನೆಗೆ ಬರುತ್ತಾ ಯೋಚಿಸಿದರೆ, ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನಾನೂ ಹೇಳಿರಲಿಲ್ಲ.

ಅಮೆರಿಕದಲ್ಲಿ ಒಬ್ಬರು ಡಾಕ್ಟರ ಬಳಿ ಹೋದರೆ ಆಸ್ಪತ್ರೆಯವರು ಬಿಲ್ಲನ್ನು ವಿಮಾ ಕಂಪನಿಗೆ ಕಳಿಸುತ್ತಾರೆ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ನಡುನಡುವೆ ನಕ್ಷತ್ರದ ಗುರುತು ಹಾಕಿ ಅಕ್ಷರ, ಅಂಕಿಗಳನ್ನು ಪೋಣಿಸಿದ ಉದ್ದುದ್ದ ಸಾಲುಗಳಲ್ಲಿ. ಈ ಬಗೆಯ ಕಾಗದವಿಲ್ಲದ ವ್ಯವಹಾರಕ್ಕೆ ಇ.ಡಿ.ಐ. ಎಂದು ಹೆಸರು. ಆಸ್ಪತ್ರೆಯ ಬಿಲ್ಲಿಗೆ 837 ಎಂದು ನಂಬರು. 1996ರಲ್ಲಿ ಅಲ್ಲಿ ಹಿಪಾ ಎಂಬ ಕಾನೂನು ಬಂತು. ಅದರಿಂದಾಗಿ ಈ ಚೀಟಿಗಳೆಲ್ಲ ಒಂದೇ ಅಚ್ಚಿನಲ್ಲಿ ಇರಬೇಕೆಂದಾಯಿತು. 2012ರ ಜನವರಿಯಿಂದ 5010 ಎಂಬ ಹೊಸ ಅಚ್ಚು. ಆ ಬದಲಾವಣೆಯ ಹೊತ್ತಿಗೆ ಬೆಂಗಳೂರಿನ ನಮ್ಮಂಥ ಆಫೀಸುಗಳಲ್ಲಿ ರಾತ್ರಿಯ ದೀಪ ಆರುತ್ತಿರಲಿಲ್ಲ.

ಚೀಟಿ ಅಚ್ಚಿಗೆ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಒಂದು ಮ್ಯಾಪ್ ಇರುತ್ತದೆ. ಹೆಸರಿಗೆ ಮ್ಯಾಪ್, ನೋಡಲು ವಂಶವೃಕ್ಷದ ಹಾಗೆ. ಯಾವ ಸಾಲಿನ ಕೆಳಗೆ ಯಾವ ಸಾಲು, ಯಾವುದು ಇರಲೇಬೇಕು, ಯಾವುದು ಇಲ್ಲದಿದ್ದರೂ ನಡೆದೀತು, ಎಷ್ಟು ಅಕ್ಷರ, ಎಲ್ಲ ಅದರಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾನು ಇದನ್ನು ತಾಂಬೂಲದ ತಟ್ಟೆಯ ಮೂಲಕ ಕಲಿಸುತ್ತೇನೆ. ಎಲೆ ಇಟ್ಟರೆ ಅಡಿಕೆ ಇಡಲೇಬೇಕು, ಅಡಿಕೆ ಇಟ್ಟರೆ ಎಲೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಹೂವೋ ಹಣ್ಣೋ, ಒಂದಾದರೂ ಇರಬೇಕು. ತೆಂಗಿನಕಾಯಿ ಇಟ್ಟರೆ ದಕ್ಷಿಣೆ ಇಡಬೇಕು, ದಕ್ಷಿಣೆ ಇಟ್ಟರೆ ಕಾಯಿ ಕಡ್ಡಾಯವಲ್ಲ. ನಂಬಿ, ಅಚ್ಚಿನ ನಿಯಮಗಳು ಸರಿಯಾಗಿ ಹೀಗೆಯೇ ಇವೆ.

ಇವು ಊರಿಗೆಲ್ಲ ಒಂದೇ. ಆದರೆ ತಾಂಬೂಲ ಕೊಡುವುದರಲ್ಲಿ ಊರ ಪದ್ಧತಿಯ ಮೇಲೆ ಮನೆ ಪದ್ಧತಿ ಎಂಬುದೊಂದು ಇರುತ್ತದಲ್ಲ? ಮದುವೆಯಾಗಿ ಬಂದ ಹೊಸದರಲ್ಲಿ “ನಮ್ಮನೇಲಿ ಹಾಗಿಲ್ಲಮ್ಮ” ಎಂಬ ಮಾತನ್ನು ಕೇಳದವರು ಯಾರಿದ್ದೀರಿ? ವಿಮಾ ಕಂಪನಿಗಳೂ ಹಾಗೆಯೇ. ‘ನಮ್ಮ ಸದಸ್ಯರ ನಂಬರಿಗೆ ಇಷ್ಟೇ ಅಕ್ಷರ,’ ‘ನಮ್ಮಲ್ಲಿ ಈ ಕಾಯಿಲೆಯ ಸಂಕೇತದೊಡನೆ ಆ ಚಿಕಿತ್ಸೆ ನಡೆಯದು’ ಎಂದು ಅವರು ಪಟ್ಟಿ ಕೊಡುತ್ತಾರೆ. ನಾನು ಮ್ಯಾಪಿನಲ್ಲಿ ಆ ಜಾಗದ ಮೇಲೆ ಒತ್ತಿ, ಸಣ್ಣದೊಂದು ಪೆಟ್ಟಿಗೆ ತೆರೆದು, ‘ಹೀಗಿದ್ದರೆ ಹಾಗೆ ಮಾಡು’ ಎಂದು ಬರೆಯುತ್ತೇನೆ. ಅದೇ ಬಿಸಿನೆಸ್ ರೂಲ್. ಕೊನೆಯಲ್ಲಿ ಒಂದು ಆಯ್ಕೆ ಇರುತ್ತದೆ: ತಪ್ಪಿದ್ದರೆ ಚೀಟಿಯನ್ನು ತಿರಸ್ಕರಿಸಬೇಕೋ, ಎಚ್ಚರಿಕೆ ಕೊಟ್ಟು ಒಳಗೆ ಬಿಡಬೇಕೋ. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಈ ಗುಂಡಿಯ ಬಗ್ಗೆ ನಾನು ಬಹಳ ದಿನ ಯೋಚಿಸಿಯೇ ಇರಲಿಲ್ಲ.

ಹೊಸ ಅಚ್ಚಿನ ಕಾಲದಲ್ಲಿ ಒಂದು ಕಂಪನಿಯವರು ‘ರೋಗಿಯ ಹೆಸರಿನ ಜಾಗದಲ್ಲಿ ಕಸ ಬರುತ್ತಿದೆ, ತಡೆಯಿರಿ’ ಎಂದು ಕೇಳಿದರು. ಉದಾಹರಣೆಗೆ ಎರಡೋ ಮೂರೋ ಪದ ಕೊಟ್ಟರು, ‘ಟೆಸ್ಟ್’, ‘ಅನ್‌ನೋನ್’ ಇಂಥವು. ನನಗೆ ಉತ್ಸಾಹ ಜಾಸ್ತಿ. ಅಷ್ಟಕ್ಕೇ ನಿಲ್ಲಿಸಿದರೆ ಜಾಣತನವೇನು ಬಂತು? ಮೊದಲ ಹೆಸರು ಖಾಲಿ ಇದ್ದರೆ ತಿರಸ್ಕರಿಸು, ಒಂದೇ ಅಕ್ಷರವಿದ್ದರೆ ತಿರಸ್ಕರಿಸು, ‘ಬೇಬಿ’ ಎಂದಿದ್ದರೆ ತಿರಸ್ಕರಿಸು, ‘ಎಫ್‌ಎನ್‌ಯು’ ಎಂದಿದ್ದರೆ ತಿರಸ್ಕರಿಸು ಎಂದು ಪಟ್ಟಿ ಬೆಳೆಸಿದೆ. ಎಫ್‌ಎನ್‌ಯು ಎಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಹ್ರಸ್ವರೂಪ. ಗೊತ್ತಿಲ್ಲ ಎಂದ ಮೇಲೆ ಅದು ಕಸವಲ್ಲದೆ ಇನ್ನೇನು? ಪಟ್ಟಿ ನೋಡಿ ಅಲ್ಲಿಯವರು ಮೆಚ್ಚಿದರು. ನಮ್ಮ ತಂಡದ ಮುಖ್ಯಸ್ಥ ಎಲ್ಲರೆದುರು ಹೊಗಳಿದ. ನಾನು ಆ ದಿನ ಮನೆಗೆ ಮೈಸೂರುಪಾಕು ತಂದೆ.

ಮುಂದಿನ ವರ್ಷ, 2013ರಲ್ಲಿ, ನಮ್ಮ ಚಿಕ್ಕಮ್ಮನ ಮಗಳು ಮದುವೆಯಾಗಿ ನ್ಯೂಜೆರ್ಸಿಗೆ ಹೋದಳು. ಒಂದು ಭಾನುವಾರ ಫೋನು ಮಾಡಿ, “ಅಕ್ಕಾ, ಇಲ್ಲಿ ನನ್ನ ಹೆಸರೇನು ಗೊತ್ತಾ? ಫ್ನೂ!” ಎಂದಳು. ಆಸ್ಪತ್ರೆಯಲ್ಲಿ ನರ್ಸು ಬಾಗಿಲಲ್ಲಿ ನಿಂತು “ಫ್ನೂ, ಫ್ನೂ” ಎಂದು ಕೂಗುತ್ತಿದ್ದರೆ ಇವಳು ಇನ್ಯಾರನ್ನೋ ಕರೆಯುತ್ತಿರಬೇಕೆಂದು ಕೂತೇ ಇದ್ದಳಂತೆ. ವಿಷಯ ಇಷ್ಟೆ. ನಮ್ಮ ಕಡೆ ಮನೆತನದ ಹೆಸರು ಎಲ್ಲರಿಗೂ ಎಲ್ಲಿದೆ? ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ಹೆಸರು. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾ ಕೊಡುವವರು ಇದ್ದೊಂದು ಹೆಸರನ್ನು ಮನೆತನದ ಜಾಗಕ್ಕೆ ಎತ್ತಿಹಾಕಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆದರು. ಅದನ್ನೇ ನೋಡಿ ವಿಮೆಯ ಕಾರ್ಡಿನವರೂ ಬರೆದುಕೊಂಡರು.

ಅವಳು ನಗುತ್ತಾ ಹೇಳುತ್ತಿದ್ದಳು. ನಾನೂ ನಗುತ್ತಾ ಫೋನಿಟ್ಟೆ. ಒಲೆಯ ಮೇಲಿನ ಬೇಳೆ ಇಳಿಸುವಾಗ ನನ್ನ ಪಟ್ಟಿ ನೆನಪಾಯಿತು.

ಸೋಮವಾರ ಬೇಗ ಹೋಗಿ ತಿರಸ್ಕೃತ ಚೀಟಿಗಳ ಕಡತ ತೆರೆದೆ. ಅದನ್ನು ಯಾರೂ ತೆರೆಯುವುದಿಲ್ಲ. ಎಷ್ಟು ದಾಟಿದವು ಎಂಬ ಲೆಕ್ಕ ಮಾತ್ರ ಮೇಲಿನವರಿಗೆ ಹೋಗುತ್ತದೆ. ಅದರೊಳಗಿದ್ದ ಹೆಸರುಗಳನ್ನು ಹೊರಗೆ ಹೇಳುವಂತಿಲ್ಲ, ಕಾನೂನು ಇದೆ. ಇಷ್ಟು ಮಾತ್ರ ಹೇಳುತ್ತೇನೆ: ನಮ್ಮ ಗುಬ್ಬಿಯ ಸ್ಕೂಲಿನಲ್ಲಿ ಹಾಜರಿ ಕರೆದ ಹಾಗಿತ್ತು. ಒಂದೇ ಹೆಸರಿನವರು, ಇನಿಷಿಯಲ್ಲಿನವರು. ಅವರ ಜೊತೆಗೆ ಇನ್ನೂ ಹೆಸರಿಡದ ಕೂಸುಗಳು. ಅಲ್ಲಿ ಆಸ್ಪತ್ರೆಗಳು ನಾಮಕರಣಕ್ಕೆ ಕಾಯದೆ ‘ಬೇಬಿ ಗರ್ಲ್’, ‘ಬೇಬಿ ಬಾಯ್’ ಎಂದೇ ಬಿಲ್ಲು ಹಾಕುವುದುಂಟು. ಅಲ್ಲದೆ ನಮ್ಮ ಎದುರು ಮನೆಯ ಬೇಬಕ್ಕನ ಪಡಿತರ ಚೀಟಿಯಲ್ಲೇ ‘ಬೇಬಿ’ ಎಂದಿದೆ. ನಲವತ್ತು ವರ್ಷದಿಂದ ಅವರ ಕೈಯ ಕಾಫಿ ಕುಡಿದವಳು ನಾನು, ಆ ಹೆಸರನ್ನು ಕಸವೆಂದು ಬರೆದಿದ್ದೆ.

ಬಾಗಿಲಲ್ಲೇ ತಿರಸ್ಕೃತವಾದ ಚೀಟಿ ಬಂದೇ ಇಲ್ಲವೆಂದು ಲೆಕ್ಕ. ಬಿಲ್ಲು ಕಳಿಸುವುದಕ್ಕೆ ಗಡುವು ಬೇರೆ ಇರುತ್ತದೆ. ಸರ್ಕಾರದ ಮೆಡಿಕೇರ್‌ಗೆ ಒಂದು ವರ್ಷ, ಖಾಸಗಿಯವರಲ್ಲಿ ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಆಸ್ಪತ್ರೆಯವರು ಕಾರ್ಡಿನಲ್ಲಿದ್ದಂತೆ ಎಫ್‌ಎನ್‌ಯು ಎಂದು ಬರೆದರೂ ನನ್ನ ನಿಯಮಕ್ಕೆ ತಪ್ಪು, ಬಿಟ್ಟು ಕಳಿಸಿದರೂ ತಪ್ಪು. ಅವರೇನು ಮಾಡಬೇಕಿತ್ತು?

ಹೊಟ್ಟೆ ಉರಿದದ್ದು ಆಮೇಲೆ. ಅಚ್ಚಿನ ಕೈಪಿಡಿಯನ್ನು ತೆಗೆದು, ನಾನು ನೂರು ಸಲ ದಾಟಿಹೋದ ಸಾಲನ್ನು ಓದಿದೆ. ಮನೆತನದ ಹೆಸರಿಗೆ 60 ಅಕ್ಷರ, ಮೊದಲ ಹೆಸರಿಗೆ 35. ಮೊದಲ ಹೆಸರು ಯಾವಾಗ ಕಡ್ಡಾಯ? ಆ ವ್ಯಕ್ತಿಗೆ ಮೊದಲ ಹೆಸರು ಇದ್ದಾಗ. ಅಂದರೆ ಇಲ್ಲದವರೂ ಇರಬಹುದೆಂದು ಎಲ್ಲೋ ಕುಳಿತು ಆ ಕೈಪಿಡಿ ಬರೆದವರಿಗೆ ಹೊಳೆದಿತ್ತು. ಎರಡು ಇನಿಷಿಯಲ್ ಹೊತ್ತುಕೊಂಡು, ಎಲ್ಲ ಫಾರಂಗಳಲ್ಲೂ ಅವುಗಳನ್ನು ಬಿಡಿಸಿ ಬರೆದು ಸಾಕಾಗಿದ್ದ ನನಗೆ ಹೊಳೆದಿರಲಿಲ್ಲ.

ಮುಖ್ಯಸ್ಥ ನನಗಿಂತ ಕಿರಿಯ, ಒಳ್ಳೆಯ ಹುಡುಗ. “ಮೇಡಂ, ಅವರೇ ಒಪ್ಪಿ ಸಹಿ ಹಾಕಿದ ಪಟ್ಟಿ, ಈಗ ಯಾಕೆ ಕೆದಕ್ತೀರಾ?” ಎಂದ. “ಅವರು ಕೊಟ್ಟದ್ದು ಎರಡು ಮೂರು ಪದ, ಉಳಿದದ್ದು ನನ್ನದು” ಎಂದೆ. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಕಾಗಿತ್ತು. ಆ ವರ್ಷದ ಬಡ್ತಿಯ ಪಟ್ಟಿ ಅವನ ಮೇಜಿನ ಮೇಲೇ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಕಂಪನಿಯವರಿಗೆ ಪತ್ರ ಹೋಯಿತು. ಖಾಲಿ ಹೆಸರಿನ ನಿಯಮ ತೆಗೆದೆವು, ಉಳಿದವನ್ನು ‘ತಿರಸ್ಕರಿಸು’ವಿನಿಂದ ‘ಎಚ್ಚರಿಸು’ಗೆ ಬದಲಿಸಿದೆವು. ಹಳೆಯವನ್ನು ಮತ್ತೆ ಕಳಿಸುವಂತೆ ಆಸ್ಪತ್ರೆಗಳಿಗೆ ತಿಳಿಸಿದರು. ಗಡುವು ಮೀರಿದವು ಎಷ್ಟು, ಯಾರ ಮನೆಗೆ ಪೂರ್ತಿ ಬಿಲ್ಲು ಹೋಯಿತು ಎಂಬುದು ನಮ್ಮ ಕಡೆಗೆ ಬರುವ ಕಾಗದಗಳಲ್ಲಿ ಇರುವುದಿಲ್ಲ. ಬಡ್ತಿ ಮರುವರ್ಷ ಬಂತು.

ಇದೆಲ್ಲವನ್ನೂ ಒಂದು ಸಂಜೆ ಅವರೆಕಾಳು ಸುಲಿಯುತ್ತಾ ಅತ್ತೆಯವರಿಗೆ ಹೇಳಿದೆ. ಮೊದಲ ಸಲ ಅವರು ಕೊನೆಯವರೆಗೂ ಕೇಳಿದರು. ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಬರೆದು ಅವರ ಹೆಸರು ಬದಲಿಸಿದ್ದರು. ಆಗ ಅವರಿಗೆ ಹದಿನಾರು ವರ್ಷ. ಮನೆಯ ಕಾಗದಪತ್ರವೆಲ್ಲ ಹೊಸ ಹೆಸರಿನಲ್ಲೇ ಇದೆ. ಹಳೆಯದು ನನ್ನ ಗಂಡನಿಗೇ ಸರಿಯಾಗಿ ಗೊತ್ತಿಲ್ಲ.

“ನನ್ನ ಹೆಸರು ನಿನ್ನ ಕಂಪ್ಯೂಟರಿನಲ್ಲಿ ದಾಟುತ್ತೇನೇ?” ಎಂದು ಕೇಳಿದರು.

“ಯಾವುದು ಹಾಕಲಿ, ಅತ್ತೆ?”

ಸಿಪ್ಪೆಯನ್ನು ಮರದ ಒಂದು ಬದಿಗೆ ಸರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಮೊದಲಿಂದು ಹಾಕಿ ನೋಡು” ಎಂದರು.