ಒಂದೇ ಮನೆ, ಎರಡು ಪಥ್ಯ

ದೇಹದ ತೂಕವನ್ನು ಇಳಿಸುವ ವಿಷಯವು ಧರ್ಮ-ನೀತಿಗಳ ಈ ಪತ್ರಿಕೆಗೆ ಉಚಿತವೇ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಮೂವತ್ತೆಂಟು ವರ್ಷ ಒಂದೇ ಅಡಿಗೆಯನ್ನು ಉಂಡ ಗಂಡ-ಹೆಂಡಿರ ನಡುವೆ ಎರಡು ಪಥ್ಯಗಳು ಬಂದು ಕುಳಿತಾಗ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವತಃ ಅನುಭವಿಸಿದ್ದೇನೆ. ಅದರಲ್ಲಿ ಆಹಾರದ ಪ್ರಶ್ನೆ ನಾಲ್ಕಾಣೆಯಷ್ಟು, ಉಳಿದ ಹನ್ನೆರಡಾಣೆ ಕಷಾಯದ ಪ್ರಶ್ನೆ. ಆದ್ದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ನಮ್ಮ ಊರು ಕುಮಾರಪಟ್ಟಣ. ತುಂಗಭದ್ರೆಯ ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಹರಿಹರ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ನಾವು ಧಾರವಾಡ ಜಿಲ್ಲೆಯವರು. ಇಲ್ಲಿ ನನ್ನದು ಕಾಳುಕಡಿಯ ವ್ಯಾಪಾರ. ಬ್ಯಾಡಗಿಯ ಮೆಣಸಿನಕಾಯಿ, ರಾಣೇಬೆನ್ನೂರು ಕಡೆಯ ಗೋವಿನಜೋಳ, ಜೋಳ, ಹೆಸರು ಇವುಗಳನ್ನು ತೂಗುವುದು, ಕಿರ್ದಿಯಲ್ಲಿ ಬರೆಯುವುದು, ಸಂಜೆ ಲೆಕ್ಕ ಕೂಡಿಸುವುದು, ಇದರಲ್ಲಿಯೇ ಆಯುಷ್ಯ ಸವೆದಿದೆ. ಬಿ.ಕಾಂ. ಓದಿದವನಾದ್ದರಿಂದ ಜಮಾ-ಖರ್ಚಿನ ವಿಷಯದಲ್ಲಿ ನಾನು ತಪ್ಪುವುದಿಲ್ಲವೆಂಬ ಸಣ್ಣದೊಂದು ಗರ್ವವೂ ನನಗಿತ್ತು.

2023ರ ಬೇಸಿಗೆಯಲ್ಲಿ ನನ್ನ ರಕ್ತದ ಸಕ್ಕರೆ ಗಡಿಗೆ ಬಂದಿದೆಯೆಂದೂ ಎಂಟು ಕಿಲೋ ಇಳಿಸಬೇಕೆಂದೂ ವೈದ್ಯರು ಹೇಳಿದರು. ಅದೇ ತಿಂಗಳು ನನ್ನ ಧರ್ಮಪತ್ನಿಗೆ ಮೊಳಕಾಲು ನೋವು ಹೆಚ್ಚಿತು. ಭಾರ ಇಳಿಸಬೇಕು, ಬಹಳ ಹೊತ್ತು ನಿಲ್ಲಬಾರದು ಎಂದು ಆಕೆಗೆ ಸೂಚನೆಯಾಯಿತು. ಬೆಂಗಳೂರಿನಲ್ಲಿರುವ ಮಗ ದೂರವಾಣಿಯಲ್ಲಿ ನನಗೊಂದು ಕ್ರಮವನ್ನು ಹೇಳಿಕೊಟ್ಟನು. ಅನ್ನ, ರೊಟ್ಟಿ, ಬೆಲ್ಲ ಬಿಡಬೇಕು. ಪನೀರ್, ಮೊಸರು, ತುಪ್ಪ, ಬಾದಾಮಿ, ಕಾಯಿಪಲ್ಯ ತಿನ್ನಬೇಕು. ಜನ ಇದನ್ನು ಕೀಟೋ ಎನ್ನುತ್ತಾರೆ. ಅದರ ಪಟ್ಟಿಗಳಲ್ಲಿ ಮೊಟ್ಟೆ-ಮಾಂಸಗಳೇ ಮುಂದಿರುತ್ತವೆ. ಅವನ್ನೆಲ್ಲ ತೆಗೆದು ಉಳಿದುದನ್ನು ನಮ್ಮ ಮನೆಗೆ ಹೊಂದಿಸಿದ್ದಾಯಿತು. ನನ್ನ ಶ್ರೀಮತಿಗೆ ಓಣಿಯ ಹೆಣ್ಣುಮಕ್ಕಳು ಬೇರೆ ದಾರಿ ತೋರಿಸಿದರು. ಆ ವರ್ಷ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ, ಎಲ್ಲೆಲ್ಲೂ ನವಣೆ-ಸಾವೆಯದೇ ಮಾತು. ಆಕೆ ತುಪ್ಪ, ಎಣ್ಣೆ, ಹಾಲುಗಳನ್ನು ಬಿಟ್ಟು ನವಣೆಯ ಗಂಜಿ ಹಿಡಿದಳು.

ಹೀಗೆ ಒಂದೇ ಒಲೆಯ ಮೇಲೆ ಎರಡು ಮತಗಳು ಹುಟ್ಟಿದವು. ನನಗೆ ತುಪ್ಪ ಪಥ್ಯ, ಧಾನ್ಯ ಅಪಥ್ಯ. ಆಕೆಗೆ ಧಾನ್ಯ ಪಥ್ಯ, ತುಪ್ಪ ಅಪಥ್ಯ. ನಾನು ಆಕೆಯ ಗಂಗಾಳವನ್ನು ನೋಡಿ, "ಇಷ್ಟ ಗಂಜಿ ಕುಡದ್ರ ಹ್ಯಾಂಗ ಇಳೀತದ?" ಎನ್ನುವೆನು. ಆಕೆ ನನ್ನ ಬಟ್ಟಲನ್ನು ನೋಡಿ, "ತುಪ್ಪದ ಡಬ್ಬಿ ಎಂಟ ದಿನಕ್ಕ ಖಾಲಿ ಆಗೇತಿ. ಇದಕ್ಕ ಪಥ್ಯ ಅಂತಾರೇನ್ರಿ?" ಎನ್ನುವಳು. ಇಬ್ಬರ ಮಾತಿನಲ್ಲೂ ಸತ್ಯಾಂಶವಿತ್ತು. ನವಣೆ ಒಳ್ಳೆಯ ಧಾನ್ಯ, ಅದರಲ್ಲಿ ನಾರಿನಂಶವೂ ಇದೆ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 345 ಕ್ಯಾಲೊರಿಗಳಿದ್ದರೆ ಅಷ್ಟೇ ನವಣೆಯಲ್ಲಿ ಸುಮಾರು 330 ಇವೆ. ತುಪ್ಪದಲ್ಲಾದರೋ ಸುಮಾರು 900. ಇಬ್ಬರೂ ಪರರ ದೋಷವನ್ನು ಸರಿಯಾಗಿ ಕಂಡಿದ್ದೆವು, ತಮ್ಮದನ್ನು ಕಂಡಿರಲಿಲ್ಲ.

ಎರಡು ತಿಂಗಳಲ್ಲಿ ನನ್ನ ತೂಕ ಐದು ಕಿಲೋ ಇಳಿಯಿತು. ಆಕೆಯದು ಬಹಳ ಕಡಿಮೆ ಇಳಿಯಿತು. ಅಂಗಡಿಗೆ ಬಂದವರೆಲ್ಲರೂ ನನ್ನನ್ನು ಹೊಗಳಿದರು. ನಾನು ಸಂಯಮದ ಮೇಲೆ ಉಪನ್ಯಾಸ ಮಾಡತೊಡಗಿದೆ. ವ್ಯಾಪಾರಿಯ ಬುದ್ಧಿ ಸುಮ್ಮನಿರಬೇಕಲ್ಲ! ಅಡಿಗೆಮನೆಯ ಗೋಡೆಗೆ ಒಂದು ಹಾಳೆಯನ್ನು ಅಂಟಿಸಿ ಎರಡು ಅಂಕಣಗಳನ್ನು ಎಳೆದೆ. ಎಡಕ್ಕೆ ನನ್ನ ತೂಕ, ಬಲಕ್ಕೆ ಆಕೆಯ ತೂಕ. ಪ್ರತಿ ರವಿವಾರ ಇಬ್ಬರದೂ ತೂಗಿ ಬರೆಯುವುದು ನನ್ನ ನಿಯಮವಾಯಿತು. ಒಂದು ದಿನ ಬೀಗರು ಬಂದರು. ನೀರು ಕುಡಿಯಲು ಒಳಗೆ ಹೋದವರು ಹಾಳೆಯನ್ನು ಓದಿದರು, ನಕ್ಕರು. ನಾನೂ ನಕ್ಕೆ. ಆಕೆ ಚಹಾದ ಕಪ್ಪುಗಳನ್ನು ಅವರ ಮುಂದಿಟ್ಟು ಏನೂ ಮಾತಾಡದೆ ಒಳಗೆ ಹೋದಳು. ಅಂದಿನಿಂದ ನನಗೆ ಬಡಿಸಿ, ನಾನು ಎದ್ದ ಮೇಲೆ ಒಬ್ಬಳೇ ಉಣ್ಣತೊಡಗಿದಳು. ಮೊದಲೆಲ್ಲ ಅಂಗಡಿಯಿಂದ ನಾನು ತಡವಾಗಿ ಬಂದರೂ ಸೂರ್ಯಾಸ್ತದ ಮುನ್ನ ಎದುರುಬದುರು ಕುಳಿತೇ ಉಣ್ಣುತ್ತಿದ್ದೆವು. ಅದು ತಪ್ಪಿದ್ದನ್ನು ನಾನು ಗಮನಿಸಿದೆನಾದರೂ ಆಕೆಯ ಪಥ್ಯದ ಹಟವೆಂದು ಬಗೆದೆ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಿತು. ಏಳನೆಯ ದಿನ, ಉತ್ತಮ ತಪದ ದಿನ, ಆಕೆ ಪ್ರತಿವರ್ಷದಂತೆ ಉಪವಾಸ ಮಾಡಿದಳು. ಮರುದಿನ ಬೆಳಿಗ್ಗೆ ಪಾರಣೆಗೆ ಮೊದಲು ನಾನು ತೂಕದ ಯಂತ್ರವನ್ನು ತಂದು ಆಕೆಯ ಮುಂದಿಟ್ಟು, "ಇವತ್ತ ನೋಡು, ಒಂದ ಕಿಲೋನಾದ್ರೂ ಇಳಿದಿರತದ" ಎಂದೆ. ಉತ್ಸಾಹ ತುಂಬುವುದೇ ನನ್ನ ಉದ್ದೇಶವಾಗಿತ್ತೆಂದು ಈಗಲೂ ಹೇಳಬಲ್ಲೆ. ಆಕೆ ನನ್ನ ಮುಖವನ್ನು ನೋಡಿ ಕೇಳಿದಳು:

"ನನ್ನ ಉಪಾಸಕ್ಕೂ ತಕ್ಕಡಿ ಹಚ್ಚಿದ್ರೇನ್ರಿ?"

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅಂಗಡಿಗೆ ಹೋಗದೆ ಅಡಿಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತೆ. ಮೂವತ್ತೆಂಟು ವರ್ಷಗಳಲ್ಲಿ ಅಡಿಗೆ ಮುಗಿಯುವ ತನಕ ನಾನು ಅಲ್ಲಿ ಕುಳಿತದ್ದು ಅದೇ ಮೊದಲು. ಪಾರಣೆ ಮುಗಿಸಿದ ಆಕೆ ನನಗಾಗಿ ಹಾಲು ಒಡೆಸಿ, ಬಟ್ಟೆಯಲ್ಲಿ ಹಿಂಡಿ ಪನೀರ್ ಮಾಡಿದಳು. ತುಪ್ಪದಲ್ಲಿ ಹೀರೇಕಾಯಿ ಪಲ್ಯ ಮಾಡಿದಳು. ಆ ಬೋಗುಣಿಗಳನ್ನು ತೊಳೆದಿಟ್ಟ ಮೇಲೆ ತನಗೆ ಎಣ್ಣೆಯಿಲ್ಲದ ಪಲ್ಯ, ನವಣೆಯ ಗಂಜಿ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಸೇರಿ ನನ್ನ ಪಥ್ಯಕ್ಕಾಗಿ ಆಕೆ ಒಂದೂವರೆ ಗಂಟೆ ಹೆಚ್ಚಾಗಿ ನಿಂತದ್ದನ್ನು ಗಡಿಯಾರ ನೋಡಿ ಗುರುತಿಸಿದೆ. ಬಹಳ ಹೊತ್ತು ನಿಲ್ಲಬಾರದೆಂದು ವೈದ್ಯರು ಹೇಳಿದ್ದು ಯಾರಿಗೆ? ಆಕೆಗೆ. ನನ್ನ ಐದು ಕಿಲೋ ಇಳಿದದ್ದು ಆಕೆಯ ಮೊಳಕಾಲಿನ ಖರ್ಚಿನಲ್ಲಿ. ಲಾಭವನ್ನು ನನ್ನ ಖಾತೆಗೆ ಜಮಾ ಮಾಡಿ, ಖರ್ಚನ್ನು ಆಕೆಯ ಹೆಸರಿಗೆ ಬರೆದು, ಮೇಲೆ ಆಕೆಯ ಖಾತೆಯಲ್ಲಿ ನಷ್ಟವಿದೆಯೆಂದು ಗೋಡೆಗೆ ಅಂಟಿಸಿದ್ದೆ. ಅಂಗಡಿಯ ಗುಮಾಸ್ತನು ಇಂಥ ಲೆಕ್ಕ ಬರೆದಿದ್ದರೆ ಅಂದೇ ಅವನನ್ನು ಕೆಲಸದಿಂದ ಬಿಡಿಸುತ್ತಿದ್ದೆ.

ಆ ರಾತ್ರಿ ಕಪಾಟಿನಿಂದ ಶ್ರಾವಕಾಚಾರದ ಗ್ರಂಥವನ್ನು ತೆಗೆದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ತಪದ ಮದವೂ ಇದೆ, ಶರೀರದ ಮದವೂ ಇದೆ. ಎಷ್ಟೋ ಸಲ ಸಭೆಗಳಲ್ಲಿ ಇವನ್ನು ಬಾಯಿಪಾಠ ಒಪ್ಪಿಸಿದ್ದೆ. ಈ ಎರಡೂ ಒಂದೇ ಮನುಷ್ಯನಲ್ಲಿ, ಒಂದೇ ಕಾಲಕ್ಕೆ, ಒಂದು ತುಪ್ಪದ ಡಬ್ಬಿಯ ನೆಪದಲ್ಲಿ ಸೇರಬಲ್ಲವೆಂದು ತಿಳಿದಿರಲಿಲ್ಲ. ಬಾಹ್ಯತಪಗಳಲ್ಲಿ ಎರಡನೆಯದಾದ ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಭಗವತೀ ಆರಾಧನೆಯು ಪೂರ್ಣಾಹಾರವೆಂದರೆ ಪುರುಷನಿಗೆ ಮೂವತ್ತೆರಡು ತುತ್ತು, ಸ್ತ್ರೀಗೆ ಇಪ್ಪತ್ತೆಂಟು ತುತ್ತು ಎನ್ನುತ್ತದೆ. ತುತ್ತಿನ ಸಂಖ್ಯೆ ಹೇಗೂ ಇರಲಿ, ಶರೀರ ಬೇರೆಯಾದರೆ ಅಳತೆಯೂ ಬೇರೆ ಎಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ನಾನು ಇಬ್ಬರಿಗೂ ಒಂದೇ ಹಾಳೆಯನ್ನು ಎಳೆದಿದ್ದೆ.

ಆಧುನಿಕ ವಿಜ್ಞಾನವೂ ಇದನ್ನೇ ಹೇಳುತ್ತದೆ. ಪುರುಷನ ಶರೀರದಲ್ಲಿ ಸಾಮಾನ್ಯವಾಗಿ ಸ್ನಾಯು ಹೆಚ್ಚು, ಆದ್ದರಿಂದ ಸುಮ್ಮನೆ ಕುಳಿತಾಗಲೂ ಅದು ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ, ಮೊದಮೊದಲು ತೂಕ ಬೇಗ ಇಳಿಯುತ್ತದೆ. ಅನ್ನ-ರೊಟ್ಟಿ ಬಿಟ್ಟವನಿಗೆ ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಶರೀರವು ಸಂಗ್ರಹಿಸಿಟ್ಟ ಪಿಷ್ಟದ ಪ್ರತಿ ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಸಂಗ್ರಹ ಕರಗಿದಾಗ ಆ ನೀರೂ ಹೋಗುತ್ತದೆ. ನಾನು ಸಂಯಮದ ಫಲವೆಂದು ಬೀಗಿದ್ದರಲ್ಲಿ ಈ ನೀರಿನ ಪಾಲೂ ಇತ್ತು. ಇನ್ನು ಯಾರ ಪಥ್ಯ ಮೇಲು ಎಂಬ ಜಗಳ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯ ಆಹಾರವನ್ನೂ ಇನ್ನೊಂದಕ್ಕೆ ಪಿಷ್ಟ ಕಡಿಮೆಯ ಆಹಾರವನ್ನೂ ಹೇಳಿ, ಒಂದು ವರ್ಷದ ನಂತರ ಹೋಲಿಸಿ, 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲನೆಯವರು ಸರಾಸರಿ 5.3 ಕಿಲೋ, ಎರಡನೆಯವರು 6 ಕಿಲೋ ಇಳಿದಿದ್ದರು. ಗಣನೆಗೆ ಬರುವಂಥ ಅಂತರವಿಲ್ಲವೆಂದು ಅವರೇ ಬರೆದರು. ನಮ್ಮ ಅಡಿಗೆಮನೆಯ ವಾದಕ್ಕೆ ಅಷ್ಟು ದೂರದಿಂದ ತೀರ್ಪು ಬಂದಿತ್ತು, ಅದರಲ್ಲಿ ಗೆದ್ದವರು ಯಾರೂ ಇರಲಿಲ್ಲ.

ಮೊಳಕಾಲಿನ ಲೆಕ್ಕವೊಂದು ನನ್ನನ್ನು ಇನ್ನೂ ಹೆಚ್ಚು ನಾಚಿಸಿತು. ಮೊಳಕಾಲಿನ ಕೀಲು ಸವೆದವರಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಕೀಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಸಂಶೋಧಕರು ಅಳೆದು ಹೇಳಿದ್ದಾರೆ. ನಾನು ಅಲ್ಪವೆಂದು ಹಗುರಾಗಿ ಕಂಡ ಆಕೆಯ ಇಳಿಕೆಯು ಆಕೆಯ ಕಾಲಿಗೆ ನಾಲ್ಕು ಪಟ್ಟಾಗಿ ಸಂದಿತ್ತು. ಎಷ್ಟು ಇಳಿದಿತ್ತು ಎಂಬ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಗೋಡೆಯ ಮೇಲೆ ಬರೆದ ತಪ್ಪನ್ನು ಪತ್ರಿಕೆಯಲ್ಲಿ ಮತ್ತೆ ಮಾಡಲಾರೆ.

ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿತು. ಬಸದಿಯಲ್ಲಿ ಎಲ್ಲರಿಗೂ ಕೈ ಮುಗಿದು ಕ್ಷಮೆ ಕೇಳುವುದು ಸುಲಭ. ಅಲ್ಲಿ ತಪ್ಪಿನ ಹೆಸರು ಹೇಳಬೇಕಾಗಿಲ್ಲ. ಮನೆಗೆ ಬಂದು ಗೋಡೆಯ ಹಾಳೆಯನ್ನು ತೆಗೆದು, ಆಕೆಯ ಎದುರಿಗೆ ಕುಳಿತು, ಒಂದೊಂದಾಗಿ ಹೇಳಿ ಕೇಳಿದೆ: ಬೀಗರ ಮುಂದೆ ನಕ್ಕದ್ದು, ಗಂಗಾಳದ ಮೇಲೆ ಕಣ್ಣಿಟ್ಟದ್ದು, ಉಪವಾಸವನ್ನು ತೂಗಲು ಹೋದದ್ದು, ಒಂದೂವರೆ ಗಂಟೆಯ ನಿಲುವನ್ನು ಕಾಣದೆ ಹೋದದ್ದು. ಆಕೆಯೂ ಮಗಳೊಡನೆ ದೂರವಾಣಿಯಲ್ಲಿ ನನ್ನ ತುಪ್ಪದ ಬಗ್ಗೆ ಆಡಿಕೊಂಡದ್ದನ್ನು ಹೇಳಿದಳು. ಕೊನೆಗೆ ಅಂದಳು:

"ಕ್ಷಮಾ ಮಾಡೇನ್ರಿ. ಆದ್ರ ನಾಳಿಂದ ಹೀರೀಕಾಯಿ ನೀವು ಹೆಚ್ರಿ."

ಅಂದಿನಿಂದ ನಮ್ಮಲ್ಲಿ ಅಡಿಗೆ ಒಂದೇ. ಎಣ್ಣೆ ಕಡಿಮೆಯ ಪಲ್ಯ, ಹೆಸರುಕಾಳು, ಮಜ್ಜಿಗೆ, ಜೋಳದ ರೊಟ್ಟಿ. ನಾನು ರೊಟ್ಟಿ ಒಂದನ್ನು ಕಡಿಮೆ ಮಾಡಿ ಪಲ್ಯ ಹೆಚ್ಚು ಹಾಕಿಕೊಳ್ಳುತ್ತೇನೆ. ಆಕೆ ತನಗೆ ಬೇಕಾದಷ್ಟನ್ನು ಬಡಿಸಿಕೊಳ್ಳುತ್ತಾಳೆ. ಭೇದವು ಬಡಿಸುವಲ್ಲಿ, ಬೇಯಿಸುವಲ್ಲಿ ಅಲ್ಲ. ಕಾಯಿಪಲ್ಯ ಹೆಚ್ಚುವುದು, ಬೋಗುಣಿ ತೊಳೆಯುವುದು ನನ್ನ ಪಾಲು. ಇದಕ್ಕೆ ಮೊದಲು ವೈದ್ಯರನ್ನು ಕೇಳಿದೆವು. ಸಕ್ಕರೆಯ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಆಹಾರವನ್ನು ಬದಲಿಸಬಾರದು, ಉಪವಾಸವನ್ನೂ ಮಾಡಬಾರದು. ನನ್ನ ಐದು ಕಿಲೋದಲ್ಲಿ ಎರಡು ಮರಳಿ ಬಂದು ಅಲ್ಲಿಯೇ ನಿಂತಿವೆ. ಸಕ್ಕರೆ ಗಡಿ ದಾಟಿಲ್ಲ. ಮುಖ್ಯವಾಗಿ, ಸಂಜೆ ಮತ್ತೆ ಎದುರುಬದುರು ಕುಳಿತು ಉಣ್ಣುತ್ತಿದ್ದೇವೆ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀ-ಪುರುಷರಲ್ಲಿ ಸುಮಾರು ಶೇಕಡಾ 30ರಷ್ಟು ಜನರದು ಮಿತಿಮೀರಿದ ತೂಕ. ಹೀಗಿರುವಾಗ ಎಷ್ಟೋ ಮನೆಗಳಲ್ಲಿ ಗಂಡನಿಗೊಂದು ಪಥ್ಯ, ಹೆಂಡತಿಗೊಂದು ಪಥ್ಯ ನಡೆದಿರಬೇಕು. ಅಂಥವರಿಗೆ ಒಂದು ಸಮಾಧಾನದ ಸಂಗತಿಯೂ ಇದೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 130 ಜೋಡಿಗಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಒಬ್ಬರು ಪಥ್ಯ ಹಿಡಿದ ಮನೆಗಳಲ್ಲಿ, ಯಾವ ಚಿಕಿತ್ಸೆಯನ್ನೂ ಪಡೆಯದ ಇನ್ನೊಬ್ಬರಲ್ಲಿಯೂ ಸುಮಾರು ಮೂರನೆಯ ಒಂದು ಭಾಗದ ಜನ ಆರು ತಿಂಗಳಲ್ಲಿ ತಮ್ಮ ತೂಕದ ಶೇಕಡಾ 3ರಷ್ಟನ್ನಾದರೂ ಕಳೆದುಕೊಂಡಿದ್ದರು. ಒಬ್ಬರ ನಡತೆಯು ಉಪದೇಶವಿಲ್ಲದೆಯೇ ಮತ್ತೊಬ್ಬರನ್ನು ಮುಟ್ಟುತ್ತದೆ.

ಬಸದಿಗಳ ಟ್ರಸ್ಟಿನ ಹಿರಿಯರಲ್ಲಿ ಒಂದು ವಿನಂತಿ. ಇತ್ತೀಚೆಗೆ ನಮ್ಮ ಸಭೆಗಳಲ್ಲಿ ಉಪವಾಸದ ಮಹಿಮೆಯನ್ನು ತೂಕ ಇಳಿಕೆಯ ಮೂಲಕ ಹೇಳುವ ರೂಢಿ ಬೆಳೆಯುತ್ತಿದೆ. ನಾನೂ ಹಾಗೆ ಮಾತನಾಡಿದವನೇ. ಆರೋಗ್ಯಕ್ಕಾಗಿ ಪಥ್ಯ ಮಾಡುವುದು ತಪ್ಪಲ್ಲ, ಅದು ಶರೀರದ ಕರ್ತವ್ಯ. ಆದರೆ ತಪಕ್ಕೆ ಲೌಕಿಕ ಫಲವನ್ನು ಕಟ್ಟುವುದನ್ನು ನಮ್ಮ ಶಾಸ್ತ್ರಗಳು ನಿದಾನ ಶಲ್ಯವೆಂದು, ಒಳಗೆ ಚುಚ್ಚುವ ಮುಳ್ಳೆಂದು ಕರೆದಿವೆ. ಪರ್ವದ ಸಾಮೂಹಿಕ ಭೋಜನದಲ್ಲಿ, "ಇಷ್ಟೇ ಉಂಡಿರೇನು?" "ಇಷ್ಟು ಉಂಡಿರೇನು?" ಎಂಬ ಎರಡು ಮಾತುಗಳನ್ನೂ ಬಿಡಿಸಿದರೆ ಎಷ್ಟೋ ಜನ ನೆಮ್ಮದಿಯಿಂದ ಉಂಡು ಹೋದಾರು.

ಕೃತ, ಕಾರಿತ, ಅನುಮೋದಿತ ಎಂದು ನಾವು ಕರ್ಮದ ಮೂರು ಬಗೆಗಳನ್ನು ಹೇಳುತ್ತೇವೆ. ನಾನು ಬಿಟ್ಟ ರೊಟ್ಟಿ ನಾನು ಮಾಡಿದ್ದು. ಅದಕ್ಕಾಗಿ ಇನ್ನೊಬ್ಬರನ್ನು ನಿಲ್ಲಿಸಿ ಮಾಡಿಸಿದ ದುಡಿಮೆಯೂ ನನ್ನ ಲೆಕ್ಕಕ್ಕೇ ಸೇರಬೇಕು. ಪಥ್ಯ ಹಿಡಿಯುವ ಗೃಹಸ್ಥರು ಈ ಎರಡನೆಯ ಬಾಬತ್ತನ್ನು ಬರೆಯಲು ಮರೆಯದಿರಲಿ.

ಈ ಲೇಖನವನ್ನು ನನ್ನ ಶ್ರೀಮತಿಗೆ ಓದಿ ಹೇಳಿ, ಆಕೆಯ ಒಪ್ಪಿಗೆ ಪಡೆದೇ ಕಳುಹಿಸುತ್ತಿದ್ದೇನೆ. ಒಂದು ವಾಕ್ಯವನ್ನು ತೆಗೆಯಲು ಹೇಳಿದಳು, ತೆಗೆದಿದ್ದೇನೆ. ತೂಕದ ಯಂತ್ರ ಈಗ ಮಂಚದ ಕೆಳಗಿದೆ. ಯಾರಿಗೆ ಬೇಕೋ ಅವರು ಎಳೆದುಕೊಂಡು ನಿಲ್ಲುತ್ತೇವೆ, ಕಂಡ ಅಂಕಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತೇವೆ.