ನಿನ್ನ ನೀಲಿ ತಟ್ಟೆಯ ಹಿರೀಕರು

ಹೊಸಪೇಟೆ

ಪ್ರೀತಿಯ ಅಕ್ಕ,

ಬಿಸಿಲೊಂದು ಬಿಟ್ಟರೆ ತಕರಾರಿಲ್ಲ. ಹಂಪಿಯ ಗುಡಿಗಳನ್ನು ನೀನು ನನಗಿಂತ ಮೊದಲೇ ನೋಡಿದವಳು, ಅದನ್ನೇ ಮತ್ತೆ ಬರೆದು ಬೇಸರ ತರಿಸುವುದಿಲ್ಲ. ಅಳಿಯಂದಿರು ಹಾಲೆಂಡಿನಿಂದ ತಂದ ನೀಲಿ ಗಾಳಿಗಿರಣಿಯ ತಟ್ಟೆ ನಿನ್ನ ಶೋಕೇಸಿನಲ್ಲಿದೆಯಲ್ಲ, ಅದರ ಹಿರೀಕರು ಇಲ್ಲಿ ಸಿಕ್ಕರು.

ಕಮಲಾಪುರದ ಮ್ಯೂಸಿಯಂನಲ್ಲಿ ಜನರೆಲ್ಲ ಅಂಗಳದ ಹಂಪಿ ಮಾದರಿಯನ್ನು ಮುತ್ತಿಕೊಂಡಿದ್ದರು. ನಾನು ಅಗೆತದಲ್ಲಿ ಸಿಕ್ಕ ಚೀನಾ ಪಿಂಗಾಣಿ ಚೂರುಗಳ ಮುಂದೆ ನಿಂತೆ. ಬಿಳಿಯ ಮೇಲೆ ನೀಲಿ ಬಳ್ಳಿ, ಹೂವಿಗೆ ಮುಂಚೆಯೇ ಮುರಿದಿದೆ. ಒಡೆದ ಅಂಚು ನೋಡಬೇಕು, ಕೊಬ್ಬರಿ ಹೋಳಿನ ಹಾಗೆ ಒಳಗೂ ಬಿಳಿ. ಇಂಥ ಸಾಮಾನು ಹಡಗಿನಲ್ಲಿ ಬಂದು ಭಟ್ಕಳದಂಥ ಬಂದರಿನಲ್ಲಿಳಿದು, ಎತ್ತಿನ ಮೇಲೆ ಘಟ್ಟ ಹತ್ತಿರಬೇಕು. ಒಡೆಯದೆ ತಲುಪಿಸಿದವರಿಗೆ ದೊಡ್ಡ ನಮಸ್ಕಾರ!

1565ರ ಯುದ್ಧದ ಬಳಿಕ ಹಂಪಿ ಹಾಳುಬಿತ್ತು. ನಿನ್ನ ತಟ್ಟೆಯ ನಾಡಿನವರಾದ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದೇ ಆಮೇಲೆ, 1602ರಲ್ಲಿ. ಮರುವರ್ಷ ಅವರು ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದು, ಅದರಲ್ಲಿದ್ದ ಪಿಂಗಾಣಿಯನ್ನು ಆಮೇಲೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದರು. ಊರಿಗೆ ಊರೇ ಮರುಳಾಯಿತು. 1644ರಲ್ಲಿ ಮಿಂಗ್ ದೊರೆತನ ಬಿದ್ದು ಚೀನಾದ ಮಾಲು ಕಡಿಮೆಯಾದಾಗ ನಿನ್ನ ನೀಲಿ ತಟ್ಟೆಯಂಥವಕ್ಕೆ ಹೆಸರಾದ ಡೆಲ್ಫ್ಟ್ ಊರಿನ ಕುಂಬಾರರಿಗೆ ಸುಗ್ಗಿ. ಆದರೆ ಚೀನಾದ ಬಿಳಿಮಣ್ಣು ಅವರ ಬಳಿ ಇರಲಿಲ್ಲ. ಸಾಧಾರಣ ಮಣ್ಣಿನ ಪಾತ್ರೆಗೆ ತವರ ಬೆರೆಸಿದ ಬಿಳಿ ಹೊಳಪು ಬಳಿದು, ಮೇಲೆ ಕೋಬಾಲ್ಟ್ ನೀಲಿಯಲ್ಲಿ ಚೀನಾದ ಚಿತ್ರಗಳನ್ನೇ ಬರೆದರು. ಅದಕ್ಕೇ ಹಳೆಯ ಡೆಲ್ಫ್ಟ್ ತಟ್ಟೆಯ ಅಂಚು ಎಗರಿದರೆ ಒಳಗಿನ ಮಣ್ಣು ಬಣ್ಣ ಬಯಲಾಗುತ್ತದೆ. ಹಾಗಂತ ನಕಲು ಎಂದು ಹೀಗಳೆಯಲು ನನಗೆ ಮನಸ್ಸಿಲ್ಲ. ಇಲ್ಲದ ಮಣ್ಣಿಗೆ ಅವರು ಕಂಡುಕೊಂಡ ಉಪಾಯ ಸಣ್ಣದಲ್ಲ.

ವಿಜಯನಗರದ ದೊಡ್ಡ ಮನೆಗಳಲ್ಲಿ ಆ ಚೀನಾ ತಟ್ಟೆಗಳಲ್ಲಿ ಉಣ್ಣುತ್ತಿದ್ದರೋ, ನಿನ್ನ ಹಾಗೆ ತೋರಿಕೆಗೆ ಇಡುತ್ತಿದ್ದರೋ! ನಮ್ಮ ಅಜ್ಜಿ ಮಡಿಯೆಂದು ಪಿಂಗಾಣಿ ಕಪ್ಪನ್ನು ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ, ಉಪ್ಪಿನಕಾಯಿ ಮಾತ್ರ ಪಿಂಗಾಣಿ ಭರಣಿಯಲ್ಲೇ ಇರಬೇಕಿತ್ತು.

ಹಂಪಿಯಲ್ಲಿ ಕಲ್ಲಿನ ತಟ್ಟೆಗಳ ಸಾಲೂ ಇದೆ. ನೀರಿನ ಕಾಲುವೆಯ ಎರಡೂ ಬದಿಗೆ, ಪಲ್ಯ ಸಾರಿಗೆಂದು ಕುಳಿಗಳನ್ನೂ ಕೊರೆದಿದ್ದಾರೆ. ಮಗಳು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, "ಊಟಕ್ಕೆ ಬಡಿಸಿ" ಎಂದಳು.

ನಾಳೆ ಸಂಡೂರಿನ ಕುಮಾರಸ್ವಾಮಿ ಗುಡಿ, ಆಮೇಲೆ ಕಂಪ್ಲಿ.

ನಿನ್ನ ತಮ್ಮ